ಕಿರುಗಾಯದ ಶಸ್ತ್ರವೈದ್ಯ

ನಮ್ಮ ಗಣಪತಿಯನ್ನು ಹಾದು ಸತ್ಯಮಂಗಲದತ್ತ ಸಾಗುವ ರಸ್ತೆಯು ದಿಂಬಂ ಘಾಟಿಯನ್ನೇರಿ ಚಾಮರಾಜನಗರವನ್ನು ಮುಟ್ಟುತ್ತದೆ. ಆ ದಾರಿಯಲ್ಲಿ ಕೊಯಮತ್ತೂರಿಗೆ ಬರುವವರಲ್ಲಿ ವ್ಯಾಪಾರಿಗಳಿರುವಂತೆ ರೋಗಿಗಳೂ ಇರುತ್ತಾರೆ. ‘ಹೊಟ್ಟೆ ಕೊಯ್ಯಬೇಕು’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕಂಗೆಡುವುದನ್ನು ನಾವು ಕಂಡಿದ್ದೇವೆ. ಕೂಲಿಯಿಂದ ಜೀವಿಸುವವನಿಗೆ ಗಾಯದ ನೋವಿಗಿಂತಲೂ ವಾರಗಟ್ಟಲೆ ಕೆಲಸ ತಪ್ಪುವುದೇ ದೊಡ್ಡ ಭಯವಲ್ಲವೆ?

ಈ ಭಯವನ್ನು ತಗ್ಗಿಸಿದ ವಿಧಾನವೇ ಲ್ಯಾಪರೊಸ್ಕೋಪಿ. ಹೊಟ್ಟೆಯೊಳಗೆ ಇಂಗಾಲಾಮ್ಲವನ್ನು ತುಂಬಿ ಉಬ್ಬಿಸಿ, 5 ಅಥವಾ 10 ಮಿಲಿಮೀಟರಿನ ರಂಧ್ರಗಳ ಮೂಲಕ ದೀಪವುಳ್ಳ ದರ್ಶಕವನ್ನೂ ನೀಳವಾದ ಉಪಕರಣಗಳನ್ನೂ ತೂರಿಸುತ್ತಾರೆ. ವೈದ್ಯನು ತೆರೆಯ ಮೇಲಣ ಚಿತ್ರವನ್ನು ನೋಡುತ್ತ ಕೆಲಸ ಮಾಡುತ್ತಾನೆ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಈ ರೀತಿಯಲ್ಲಿ ಪಿತ್ತಕೋಶವನ್ನು ತೆಗೆದಾಗ ಅಲ್ಲಿನ ಸಹೋದ್ಯೋಗಿಗಳು ಮೆಚ್ಚಲಿಲ್ಲ. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಟೆಹೆಂಟನ್ ಉದ್ವಾಡಿಯಾ ಅವರು ಮೊದಲು ಇದನ್ನು ನೆರವೇರಿಸಿದರು.

ಕೊಯಮತ್ತೂರಿನಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಡಾಕ್ಟರ್ ಸಿ. ಪಳನಿವೇಲು. ಬಡ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲಿ ಮಲೇಷಿಯಾದಲ್ಲಿ ದುಡಿದು, ಮರಳಿ ಬಂದು ತಡವಾಗಿ ಶಾಲೆಯ ಓದನ್ನು ಮುಂದುವರಿಸಿದವರು ಇವರು. ಚೆನ್ನೈಯ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಕಲಿತು, ಮುಂದೆ ರಾಮನಾಥಪುರದಲ್ಲಿ ಜೆಮ್ ಆಸ್ಪತ್ರೆಯನ್ನು ಸ್ಥಾಪಿಸಿದರು. ವಯಸ್ಸು ಮೀರಿತೆಂದು ಮಕ್ಕಳ ಓದನ್ನು ಬಿಡಿಸುವ ತಂದೆತಾಯಿಗಳು ಈ ಭಾಗವನ್ನು ಎರಡು ಸಲ ಓದಲಿ.

ಅನ್ನನಾಳದ ಕ್ಯಾನ್ಸರಿಗೆ ಎದೆಯನ್ನು ಅಗಲವಾಗಿ ಸೀಳುವುದೇ ವಾಡಿಕೆಯಾಗಿತ್ತು. ರೋಗಿಯನ್ನು ಬೋರಲು ಮಲಗಿಸಿದರೆ ಶ್ವಾಸಕೋಶವು ತನ್ನ ಭಾರದಿಂದಲೇ ಮುಂದಕ್ಕೆ ಜಾರಿ ಅನ್ನನಾಳವು ಕಣ್ಣಿಗೆ ತೆರೆದುಕೊಳ್ಳುತ್ತದೆ. ಈ ಯೋಚನೆ ಬ್ರಿಟನ್ನಿನಲ್ಲಿ ಮೊದಲೇ ಹುಟ್ಟಿತ್ತು; ಆದರೆ ಪಳನಿವೇಲು ಮತ್ತು ಅವರ ಸಂಗಡಿಗರು 130 ರೋಗಿಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದ ಮೇಲೆ ಹೊರದೇಶಗಳ ವೈದ್ಯರೂ ಅದರತ್ತ ಗಮನವಿತ್ತರು. ಹೊಸ ಯಂತ್ರವೇನೂ ಬೇಕಾಗಲಿಲ್ಲ, ಮಲಗಿಸುವ ಭಂಗಿ ಬದಲಾಯಿತು, ಅಷ್ಟೆ!

ವಿದ್ಯಾರ್ಥಿಗಳೇ, ಈ ಹಾದಿ ದೀರ್ಘವಾದುದು. ಎಂ.ಬಿ.ಬಿ.ಎಸ್.ಗೆ 5½ ವರ್ಷ, ಎಂ.ಎಸ್.ಗೆ 3 ವರ್ಷ, ಎಂ.ಸಿಎಚ್.ಗೆ ಮತ್ತೆ 3 ವರ್ಷ. ಅದಲ್ಲದೆ ಕೈಯ ಪಾಠವೇ ಬೇರೆ. ರಂಧ್ರವು ಆಧಾರಬಿಂದುವಾಗುವುದರಿಂದ ಕೈ ಎಡಕ್ಕೆ ಸರಿದರೆ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ನೀವು ಕಲಿತ ಸನ್ನೆಕೋಲಿನ ಪಾಠವೇ ಇದು. ತೆರೆಯ ಚಿತ್ರದಲ್ಲಿ ಆಳವೂ ಸರಿಯಾಗಿ ತಿಳಿಯದು. ಆದುದರಿಂದ ಮೊದಲು ಪೆಟ್ಟಿಗೆಯೊಳಗೆ ಕಾಳುಗಳನ್ನು ಎತ್ತಿಡುತ್ತ, ದಾರದ ಗಂಟು ಹಾಕುತ್ತ ಅಭ್ಯಾಸ ಮಾಡುತ್ತಾರೆ.

ಎಲ್ಲ ರೋಗಿಗಳಿಗೂ ಈ ವಿಧಾನ ಒಪ್ಪುವುದಿಲ್ಲ. ನಡುವೆ ರಕ್ತಸ್ರಾವ ಹತೋಟಿ ಮೀರಿದರೆ, ಅಥವಾ ಅಂಗಗಳು ಒಂದಕ್ಕೊಂದು ಅಂಟಿ ಗುರುತು ಸಿಗದಿದ್ದರೆ, ವೈದ್ಯನು ಉಪಕರಣಗಳನ್ನು ಹೊರತೆಗೆದು ಹಳೆಯ ಕ್ರಮದಂತೆಯೇ ಹೊಟ್ಟೆಯನ್ನು ತೆರೆಯುತ್ತಾನೆ. ಅದನ್ನು ಸೋಲೆಂದು ಯಾವ ಒಳ್ಳೆಯ ಗುರುವೂ ಕಲಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಸಹಿ ಮಾಡುವ ಒಪ್ಪಿಗೆಯ ಪತ್ರದಲ್ಲಿ ಈ ಮಾತು ಬರೆದಿರುತ್ತದೆ. ಹಿರಿಯರು ಅದನ್ನು ಓದಿಸಿಕೊಂಡ ಬಳಿಕವೇ ಸಹಿ ಹಾಕತಕ್ಕದ್ದು.