ಮರದಡಿ ಹುಲ್ಲು ಬೆಳೆಸೋಣ, ಬೇರು ಉಳಿಸೋಣ

ಮಕ್ಕಳೇ, ಭೇರ್ಯ, ಹುಣಸೂರು, ಪಿರಿಯಾಪಟ್ಟಣದ ಕಡೆ ಶಾಲೆಯ ಅಂಗಳದಲ್ಲಿ ಹೊಂಗೆ, ಬೇವು, ಅರಳಿಯಂಥ ದೊಡ್ಡ ಮರಗಳನ್ನು ನೋಡಿದ್ದೀರಲ್ಲವೇ? ಮಳೆ ಬಿದ್ದರೆ ಬಯಲಿನಲ್ಲಿ ಗರಿಕೆ ಹಸಿರಾಗಿ ಹಬ್ಬುತ್ತದೆ. ಆದರೆ ಮರದಡಿಯ ನೆಲ ಬೋಳಾಗಿಯೇ ಇರುತ್ತದೆ. ಏಕೆ?

ಮೊದಲ ಕಾರಣ ನೆರಳು. ಬೆಳಕಿಲ್ಲದೆ ಹುಲ್ಲು ಆಹಾರ ತಯಾರಿಸಲಾರದು. ಗರಿಕೆಗಂತೂ ಒಳ್ಳೆಯ ಬಿಸಿಲೇ ಬೇಕು. ಎರಡನೆಯದು, ಮೇಲ್ಮಣ್ಣಿನ ನೀರನ್ನು ಮರದ ಬೇರುಗಳೂ ಹೀರುತ್ತವೆ. ಮೂರನೆಯದು, ನಮ್ಮ ಓಡಾಟದಿಂದ ಮಣ್ಣು ಗಟ್ಟಿಯಾಗುತ್ತದೆ.

ಬೇರು ಎಲ್ಲಿದೆ?

ಮರದ ಬೇರೆಲ್ಲ ಪಾತಾಳಕ್ಕೆ ಇಳಿದಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ನೀರು, ಲವಣ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಗಳ ತುದಿಯನ್ನೂ ದಾಟಿ ಹರಡಿರುತ್ತವೆ. ಅವೂ ಉಸಿರಾಡುತ್ತವೆ! ಮಣ್ಣಿನ ಕಣಗಳ ನಡುವಿನ ಗಾಳಿಯೇ ಅವುಗಳಿಗೆ ಆಮ್ಲಜನಕ ಕೊಡುತ್ತದೆ. ಆದ್ದರಿಂದ ಗುದ್ದಲಿಯಿಂದ ಅಗೆದರೆ ಬೇರು ತುಂಡಾಗುತ್ತದೆ. ದಪ್ಪಗೆ ಮಣ್ಣು ಸುರಿದರೆ ಉಸಿರು ಕಟ್ಟುತ್ತದೆ. ಮರ ಕೂಡಲೇ ಬಾಡದು. ಕೆಲವು ವರ್ಷಗಳ ನಂತರ ಕೊಂಬೆಗಳು ಒಣಗತೊಡಗಬಹುದು. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಬುಡಕ್ಕೆ ಒತ್ತಿದಂತೆ ಸಿಮೆಂಟ್ ಹಾಕುವುದೂ ಹಾನಿಕರ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು.

ಹುಲ್ಲು ನೆಡುವ ವಿಧಾನ

1. ಜೂನ್ ತಿಂಗಳಲ್ಲಿ ಮಳೆ ಬಿದ್ದು ನೆಲ ಮೆತ್ತಗಾದಾಗ ಆರಂಭಿಸಿ.
2. ಬುಡದಿಂದ ಒಂದು ಮೀಟರ್ ಜಾಗ ಬಿಡಿ. ಅಲ್ಲಿ ತರಗೆಲೆ ಹರಡಿ, ಕಾಂಡಕ್ಕೆ ತಾಗಿಸಬೇಡಿ.
3. ಉಳಿದ ಕಡೆ ಜರಡಿ ಹಿಡಿದ ಗೊಬ್ಬರಮಣ್ಣನ್ನು 2 ಸೆಂ.ಮೀ.ಗಿಂತ ದಪ್ಪವಾಗದಂತೆ ಹರಡಿ.
4. ನೆರಳು ತಾಳುವ, ಅಗಲ ಎಲೆಯ ಕಾರ್ಪೆಟ್ ಹುಲ್ಲಿನ ಬೇರುಸಹಿತ ತುಂಡುಗಳನ್ನು ತನ್ನಿ. ಚೂಪಾದ ಕಡ್ಡಿಯಿಂದ ಸಣ್ಣ ಕುಳಿ ಮಾಡಿ, ಗೇಣಿಗೊಂದರಂತೆ ನೆಡಿ. ಕಡ್ಡಿಗೆ ಬೇರು ತಗುಲಿದರೆ ಪಕ್ಕಕ್ಕೆ ಸರಿಯಿರಿ.
5. ಮಳೆ ಇಲ್ಲದ ದಿನ ನೀರು ಚಿಮುಕಿಸಿ. ಹುಲ್ಲು ಹಿಡಿಯುವವರೆಗೆ ಅಲ್ಲಿ ಆಡಬೇಡಿ.
6. ಕಳೆನಾಶಕ ಬಳಸಬೇಡಿ. ಮರದಡಿ ಕಸ ಸುಡಬೇಡಿ.

ದಿನವಿಡೀ ಬಿಸಿಲು ಬೀಳದ ಜಾಗದಲ್ಲಿ ಯಾವ ಹುಲ್ಲೂ ಚೆನ್ನಾಗಿ ಬಾಳದು. ಅಲ್ಲಿ ತರಗೆಲೆಯ ಹಾಸೇ ಸಾಕು. ಅದು ತೇವ ಹಿಡಿದಿಡುತ್ತದೆ, ಕೊಳೆತು ಮರಕ್ಕೆ ಗೊಬ್ಬರವಾಗುತ್ತದೆ.

ಮಾಡಿ ನೋಡಿ

ಬಯಲಿನ ಗರಿಕೆಯ ಮೇಲೆ ಒಂದು ಹಳೆಯ ಬಕೆಟ್ ಕವುಚಿ ಹಾಕಿ. ಹತ್ತು ದಿನ ಬಿಟ್ಟು ತೆಗೆಯಿರಿ. ಒಳಗಿನ ಹುಲ್ಲಿನ ಬಣ್ಣವನ್ನು ಹೊರಗಿನದರೊಂದಿಗೆ ಹೋಲಿಸಿ. ಹಸಿರು ಏಕೆ ಮಾಸಿತು? ಮತ್ತೆ ಬಿಸಿಲು ಬಿದ್ದರೆ ಏನಾಗುತ್ತದೆ? ನಿಮ್ಮ ಪುಸ್ತಕದಲ್ಲಿ ಬರೆದು ಶಿಕ್ಷಕರೊಂದಿಗೆ ಚರ್ಚಿಸಿ.