ಕ್ರಿಕೆಟ್ ಪ್ರಸಾರದ ಜಾಹೀರಾತುಗಳನ್ನು ವರ್ತಕರು ಅಳೆಯುವ ಬಗೆ

ಐ.ಪಿ.ಎಲ್. ಪಂದ್ಯಾವಳಿ ಸಮೀಪಿಸುತ್ತಿದ್ದಂತೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಂಗಡಿಗಳಿಗೆ ಮಾರಾಟ ಪ್ರತಿನಿಧಿಗಳು ಹೊಸ ಸರಕಿನೊಡನೆ ಬರುವುದು ವಾಡಿಕೆ. “ಮ್ಯಾಚ್ ನಡುವೆ ಜಾಹೀರಾತು ಬರುತ್ತದೆ, ಗಿರಾಕಿಗಳು ತಾವಾಗಿಯೇ ಕೇಳಿಕೊಂಡು ಬರುತ್ತಾರೆ, ಸ್ವಲ್ಪ ಜಾಸ್ತಿ ಸ್ಟಾಕ್ ಹಾಕಿಕೊಳ್ಳಿ” ಎಂಬುದು ಅವರ ಮಾತು. ಇದನ್ನು ನಂಬಬೇಕೆ, ಬೇಡವೆ ಎಂಬುದು ವರ್ತಕರ ಬಂಡವಾಳದ ಪ್ರಶ್ನೆಯಾಗಿದೆ.

ಒಂದು ಸರಳ ಲೆಕ್ಕವನ್ನು ನೋಡೋಣ. ಶೇ. 10ರ ಲಾಭವಿರುವ ಸರಕನ್ನು 50,000 ರೂ. ಕೊಟ್ಟು ತಂದಿದ್ದೇವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಹತ್ತರಲ್ಲೊಂದು ಪಾಲು ಮಾರಾಟವಾಗದೆ ಅವಧಿ ಮೀರಿತು. ಮಾರಿದ 45,000 ರೂ. ಸರಕಿನಿಂದ ಬಂದ ಲಾಭ 4,500 ರೂ.; ಉಳಿದ ಸರಕಿನ ನಷ್ಟ 5,000 ರೂ. ಅಂದರೆ ನೂರಕ್ಕೆ ತೊಂಬತ್ತು ಪಾಲು ಮಾರಿಯೂ ಅಂಗಡಿಗೆ 500 ರೂ. ಕೈಬಿಟ್ಟಿತು. ಜಾಹೀರಾತಿನ ಬಲವನ್ನು ಮುಂಚಿತವಾಗಿ ಅಳೆಯುವ ಅಭ್ಯಾಸ ಏಕೆ ಅಗತ್ಯವೆಂಬುದಕ್ಕೆ ಇಷ್ಟು ಸಾಕು.

ಮೆಚ್ಚುಗೆ ಬೇರೆ, ಮಾರಾಟ ಬೇರೆ

ಅಮೆರಿಕದ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ನಡುವೆ ಬರುವ ಜಾಹೀರಾತುಗಳಿಗೆ ಸಾಮಾನ್ಯ ವೀಕ್ಷಕರಿಂದ ಅಂಕ ಕೊಡಿಸುವ ‘ಆ್ಯಡ್ ಮೀಟರ್’ ಎಂಬ ಪದ್ಧತಿಯನ್ನು ‘ಯುಎಸ್‌ಎ ಟುಡೇ’ ಪತ್ರಿಕೆ 1989ರಲ್ಲಿ ಆರಂಭಿಸಿತು. ಯಾವ ಜಾಹೀರಾತು ಜನರಿಗೆ ಹಿಡಿಸಿತು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಮೆಚ್ಚಿದವರೆಲ್ಲ ಕೊಂಡರೆ ಎಂಬುದು ಇದರಿಂದ ತಿಳಿಯುವುದಿಲ್ಲ. ಪ್ರೇಕ್ಷಕನ ಅಳತೆ ಮನರಂಜನೆಯದಾದರೆ, ವರ್ತಕನ ಅಳತೆ ಗಲ್ಲಾಪೆಟ್ಟಿಗೆಯದು. ಇದಕ್ಕಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

1. ಹೆಸರು ನೆನಪಿನಲ್ಲಿ ಉಳಿಯಿತೆ?

1996ರ ವಿಶ್ವಕಪ್‌ನಲ್ಲಿ ಅಧಿಕೃತ ಪಾನೀಯವೆಂಬ ಹಕ್ಕನ್ನು ಪಡೆದದ್ದು ಕೋಕಾ-ಕೋಲಾ. ಪ್ರತಿಸ್ಪರ್ಧಿಯಾದ ಪೆಪ್ಸಿ, ‘ಇದರಲ್ಲಿ ಅಧಿಕೃತವೆಂಬುದೇನೂ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಘೋಷಣೆಯೊಡನೆ ಜಾಹೀರಾತು ಹೊರಡಿಸಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ಮಾರ್ಚ್ 9ರಂದು ಭಾರತವು ಪಾಕಿಸ್ತಾನವನ್ನು ಸೋಲಿಸಿದ ಪಂದ್ಯಾವಳಿಯೆಂದರೆ ಇಂದಿಗೂ ಹಲವರ ಬಾಯಲ್ಲಿ ಬರುವುದು ಪೆಪ್ಸಿಯ ಆ ಮಾತೇ. ಹಕ್ಕಿಗೆ ಹಣ ತೆತ್ತವರೇ ನೆನಪಿನಲ್ಲಿ ಉಳಿಯುತ್ತಾರೆಂಬ ಖಾತರಿಯಿಲ್ಲ.

2. ಒಂದು ಜಾಹೀರಾತಿನಲ್ಲಿ ಒಂದೇ ವಿಷಯವಿದೆಯೆ?

2009ರ ಐ.ಪಿ.ಎಲ್. ವೇಳೆ ವೊಡಾಫೋನ್ ಕಂಪನಿಯ ‘ಜೂಜೂ’ ಜಾಹೀರಾತುಗಳು ಮನೆಮಾತಾದವು. ಓಗಿಲ್ವಿ ಸಂಸ್ಥೆ ರೂಪಿಸಿದ ಇವನ್ನು ತಯಾರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ನಿರ್ದೇಶಕರು ಪ್ರಕಾಶ್ ವರ್ಮ. ಬಿಳಿಯ ಗೊಂಬೆಗಳಂತೆ ಕಾಣುತ್ತಿದ್ದವು ವಾಸ್ತವವಾಗಿ ವೇಷ ತೊಟ್ಟ ನಟರು. ಸುಮಾರು 30 ಕಿರುಚಿತ್ರಗಳಿದ್ದರೂ ಒಂದೊಂದರಲ್ಲಿ ಹೇಳಿದ್ದು ಒಂದೇ ಒಂದು ಸೇವೆಯ ವಿಷಯ. ಅರ್ಥವಾಗುವ ಮಾತೊಂದೂ ಅವುಗಳಲ್ಲಿರಲಿಲ್ಲ. ಗದ್ದಲದ ಹೋಟೆಲಿನಲ್ಲಿ ದನಿ ಕೇಳಿಸದಿದ್ದರೂ ವಿಷಯ ತಲುಪುತ್ತಿತ್ತು. ಬಹುತೇಕ ಆಂಧ್ರಪ್ರದೇಶದಿಂದಲೇ ಸುತ್ತುವರಿದಿರುವ, ಕನ್ನಡ–ತೆಲುಗು ಎರಡೂ ನಡೆಯುವ ಪಾವಗಡದಂಥ ಪೇಟೆಗೆ ಈ ಗುಣ ವಿಶೇಷವಾಗಿ ಉಪಯುಕ್ತ.

3. ಇದು ಯಾರಿಗಾಗಿ?

2021ರ ಐ.ಪಿ.ಎಲ್. ಸಂದರ್ಭದಲ್ಲಿ ಬೆಂಗಳೂರಿನ ಕ್ರೆಡ್ ಕಂಪನಿಯ ಜಾಹೀರಾತಿನಲ್ಲಿ, ಸಂಯಮಕ್ಕೆ ಹೆಸರಾದ ರಾಹುಲ್ ದ್ರಾವಿಡ್ ವಾಹನ ದಟ್ಟಣೆಯ ನಡುವೆ ಸಿಟ್ಟಿಗೆದ್ದು, ತಾನು ‘ಇಂದಿರಾನಗರದ ಗೂಂಡಾ’ ಎಂದು ಕೂಗಾಡಿದರು. ನಾಡಿಗೆ ನಾಡೇ ನಕ್ಕಿತು. ಆದರೆ ಆ ಸೇವೆ ಇದ್ದದ್ದು ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟುವವರಿಗೆ. ಅಂಥವರು ಹೆಚ್ಚಿರುವ ದೊಡ್ಡ ನಗರಗಳಲ್ಲಿ ಅದು ಸಾರ್ಥಕವಾಗಿರಬಹುದು. ನಮ್ಮ ಸಂತೆಯ ಗಿರಾಕಿಗೆ ಅದರಿಂದ ನಗುವಷ್ಟೇ ಲಾಭ. ಆದ್ದರಿಂದ ಜಾಹೀರಾತು ಚೆನ್ನಾಗಿದೆಯೆ ಎಂದು ಕೇಳುವ ಮೊದಲು, ನಮ್ಮ ಅಂಗಡಿಗೆ ಬರುವವರಿಗೆ ಅದು ಸಲ್ಲುತ್ತದೆಯೆ ಎಂದು ಕೇಳಬೇಕು.

4. ಕೊಳ್ಳುವ ದಾರಿ ಮತ್ತು ಕಾಲ ಹೊಂದುತ್ತವೆಯೆ?

ಜಾಹೀರಾತು ನೋಡಿದವನಿಗೆ ಸರಕು ಮರುದಿನ ತನ್ನೂರಿನಲ್ಲಿ, ತನ್ನ ಕೈಗೆಟುಕುವ ಅಳತೆಯ ಪೊಟ್ಟಣದಲ್ಲಿ ಸಿಗಬೇಕು. ಕೈಯಲ್ಲಿ ಹಣವೂ ಇರಬೇಕು. ಐ.ಪಿ.ಎಲ್. ನಡೆಯುವ ಬೇಸಿಗೆ ಹುಣಸೆಹಣ್ಣು ಮಾರುಕಟ್ಟೆಗೆ ಬರುವ ಕಾಲವೂ ಹೌದು, ಮುಂಗಾರಿನ ಕಡಲೆಕಾಯಿ ಬಿತ್ತನೆಗೆ ರೈತರು ಹಣ ಬಿಗಿಹಿಡಿಯುವ ಕಾಲವೂ ಹೌದು. ತಂಪು ಪಾನೀಯ, ಫ್ಯಾನುಗಳಿಗೆ ಬೇಡಿಕೆ ಬಂದೀತು. ದುಬಾರಿ ಸಾಮಾನುಗಳ ಖರೀದಿ ಸುಗ್ಗಿಯವರೆಗೆ ಮುಂದೆ ಹೋಗಬಹುದು.

ಅಬ್ಬರವು ಆರ್ಥಿಕ ಬಲದ ಪುರಾವೆಯಲ್ಲ

ಐ.ಪಿ.ಎಲ್.ನ 2023–27ರ ಪ್ರಸಾರ ಹಕ್ಕುಗಳು 48,390 ಕೋಟಿ ರೂ.ಗೆ ಹರಾಜಾದವು. ಹಕ್ಕು ಕೊಂಡವರು ಇದರ ದೊಡ್ಡ ಪಾಲನ್ನು ಜಾಹೀರಾತುದಾರರಿಂದಲೇ ಪಡೆಯಬೇಕಾಗುತ್ತದೆ; ದರಗಳನ್ನು ಹತ್ತು ಸೆಕೆಂಡುಗಳ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಇಷ್ಟು ಖರ್ಚು ಮಾಡುವ ಕಂಪನಿ ಭದ್ರವಾಗಿಯೇ ಇರಬೇಕೆಂದು ಭಾವಿಸುವುದು ಸಹಜ. ಆದರೆ 2019ರಿಂದ 2023ರವರೆಗೆ ಭಾರತ ತಂಡದ ಅಂಗಿಯ ಮೇಲೆ ಹೆಸರಿದ್ದ ಬೆಂಗಳೂರಿನ ಬೈಜೂಸ್ ಕಂಪನಿಯ ವಿರುದ್ಧ, ಸುಮಾರು 158 ಕೋಟಿ ರೂ. ಬಾಕಿಗಾಗಿ ಕ್ರಿಕೆಟ್ ಮಂಡಳಿಯೇ ಸಲ್ಲಿಸಿದ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಜುಲೈನಲ್ಲಿ ಅಂಗೀಕರಿಸಿತು. ಏಜೆನ್ಸಿ ಹಿಡಿಯುವವರು, ಠೇವಣಿ ಕಟ್ಟುವವರು ಟಿ.ವಿ. ನೋಡಿ ತೀರ್ಮಾನಿಸಬಾರದು. ಹಿಂದಿನ ವಿತರಕರಿಗೆ ಬಾಕಿ ಸಕಾಲಕ್ಕೆ ಸಂದಿದೆಯೆ, ಮಾರಾಟವಾಗದ ಸರಕನ್ನು ಕಂಪನಿ ಹಿಂದಕ್ಕೆ ಪಡೆಯುತ್ತದೆಯೆ ಎಂಬುದನ್ನು ವಿಚಾರಿಸಿ, ಒಪ್ಪಂದವನ್ನು ಬರಹದಲ್ಲಿ ಪಡೆಯಬೇಕು.

ಒಂದು ಅಭ್ಯಾಸ

ಮುಂದಿನ ಪಂದ್ಯವನ್ನು ಮನೆಯವರೊಡನೆ ಅಥವಾ ಅಂಗಡಿಯ ಕೆಲಸಗಾರರೊಡನೆ ನೋಡಿರಿ. ಆಗ ಏನನ್ನೂ ಬರೆದುಕೊಳ್ಳಬೇಡಿರಿ. ಮರುದಿನ ಬೆಳಿಗ್ಗೆ ಒಂದು ಹಾಳೆಯಲ್ಲಿ ನಾಲ್ಕು ಕಲಮುಗಳನ್ನು ಎಳೆದು, ನೆನಪಿರುವ ಜಾಹೀರಾತುಗಳ ಬಗ್ಗೆ ಕಂಪನಿಯ ಹೆಸರು, ಸರಕು, ಯಾರಿಗಾಗಿ, ಎಲ್ಲಿ ಸಿಗುತ್ತದೆ ಎಂಬುದನ್ನು ಪ್ರತಿಯೊಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿರಿ. ಕಥೆ ನೆನಪಿದ್ದು ಹೆಸರು ಮರೆತಿದ್ದರೆ ಮೊದಲ ಕಲಮು ಖಾಲಿ ಉಳಿಯುತ್ತದೆ.

ಇದರ ಜೊತೆಗೆ ಗಲ್ಲಾದ ಬಳಿ ಒಂದು ಪುಸ್ತಕವಿರಲಿ. ಪಂದ್ಯಾವಳಿಗೆ ಮುಂಚಿನ ಏಳು ದಿನ ಮತ್ತು ಆರಂಭವಾದ ಬಳಿಕ ಏಳು ದಿನ, ಆ ಸರಕನ್ನು ಹೆಸರು ಹಿಡಿದು ಕೇಳಿದವರೆಷ್ಟು ಎಂಬುದನ್ನು ಗೀಟು ಹಾಕಿ ಗುರುತಿಸಿರಿ. ಮೊದಲು ಸ್ವಲ್ಪವೇ ಸರಕು ತರಿಸಿ, ಗೀಟುಗಳು ಹೆಚ್ಚಿದಂತೆ ದಾಸ್ತಾನನ್ನು ಹೆಚ್ಚಿಸುವುದು ಕ್ಷೇಮ.

ನಮ್ಮ ಜಾಹೀರಾತಿಗೂ ಇದೇ ಅಳತೆ

ಸಣ್ಣ ತಯಾರಕರು ಕೈಗೊಳ್ಳುವ ಗೋಡೆಬರಹ, ಕರಪತ್ರ, ಆಟೋ ಪ್ರಚಾರ, ಸ್ಥಳೀಯ ಕೇಬಲ್ ಜಾಹೀರಾತುಗಳಿಗೂ ಈ ನಾಲ್ಕು ಪ್ರಶ್ನೆಗಳು ಅನ್ವಯಿಸುತ್ತವೆ. ಗಾಣದ ಕಡಲೆಕಾಯಿ ಎಣ್ಣೆ ತಯಾರಿಸುವವರು ಜಾತ್ರೆಯ ಪ್ರಚಾರಕ್ಕೆ 20,000 ರೂ. ವೆಚ್ಚ ಮಾಡುವರೆಂದು ಭಾವಿಸೋಣ. ಲೀಟರಿಗೆ 8 ರೂ. ಉಳಿಯುವುದಾದರೆ ಈ ವೆಚ್ಚ ಮರಳಲು 2,500 ಲೀಟರ್ ಹೆಚ್ಚಾಗಿ ಮಾರಬೇಕು. ಅಷ್ಟು ಎಣ್ಣೆ ತಯಾರಿಸುವ ಶಕ್ತಿ ಗಾಣಕ್ಕಿಲ್ಲವಾದರೆ ಪ್ರಚಾರವನ್ನು ಕಿರಿದಾಗಿಸುವುದೇ ಜಾಣತನ.

ಕಾನೂನನ್ನೂ ಮರೆಯುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ಮರುಕಳಿಸಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಟಿ.ವಿ.ಯಂತೆ ಕರಪತ್ರವೂ ಜಾಹೀರಾತೇ. ‘ನಂ. 1’, ‘ಶೇ. 100 ಶುದ್ಧ’ ಎಂದು ಅಚ್ಚು ಹಾಕಿಸುವ ಮುನ್ನ ಅದಕ್ಕೆ ತಕ್ಕ ಪುರಾವೆ ಕೈಯಲ್ಲಿರಬೇಕು. ಷರತ್ತುಗಳಿದ್ದರೆ ಅವು ಜಾಹೀರಾತಿನ ಭಾಷೆಯಲ್ಲೇ ಇರಬೇಕೆಂದು 2022ರ ಮಾರ್ಗಸೂಚಿ ತಿಳಿಸುತ್ತದೆ.

ಪಂದ್ಯದ ನಡುವಿನ ಜಾಹೀರಾತುಗಳನ್ನು ಕಂಪನಿಗಳು ಕೋಟಿಗಟ್ಟಲೆ ಹಣ ಕೊಟ್ಟು ತೋರಿಸುತ್ತವೆ. ಅವುಗಳಿಂದ ವ್ಯಾಪಾರದ ಪಾಠ ಕಲಿಯಲು ನಮಗೆ ತಗಲುವುದು ಒಂದು ಹಾಳೆ, ಒಂದು ಪೆನ್ನು ಮತ್ತು ಮರುದಿನ ಬೆಳಗಿನ ಅರ್ಧ ಗಂಟೆ ಮಾತ್ರ. ಮಾರಾಟ ಪ್ರತಿನಿಧಿ ಆರ್ಡರ್ ಪುಸ್ತಕ ತೆರೆಯುವ ಮುನ್ನ ಆ ಹಾಳೆ ನಮ್ಮ ಮುಂದಿರಲಿ.