ಬಲಗಾಲಿನ ಚಪ್ಪಲಿ

ಚಿತ್ತವಾಡ್ಗಿಯ ಸಕ್ಕರೆ ಫ್ಯಾಕ್ಟರಿ ನಡೆಯುತ್ತಿದ್ದಾಗ ಹದಿನೆಂಟು ವರ್ಷ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗಿದವನು ನಾನು. ಒಂದು ಜೊತೆ ಚಪ್ಪಲಿಯ ತೂಕ ತಿಳಿಯಲಿಲ್ಲ.

ಅಣ್ಣನ ಮಗನನ್ನು ನೋಡಲು ಜೈಲಿಗೆ ಹೊರಟ ಬೆಳಿಗ್ಗೆ ಅವನ ಗೆಳೆಯನೊಬ್ಬ ಬಂದ. ‘ಕಾಕಾ, ಅವನ ಚಪ್ಲಿ ಹರದಾವಂತ, ಇವನ್ನ ಕೊಟ್ಟುಬಿಡ್ರಿ.’ ಮನೆಯವಳು ಮುಟ್ಟಬೇಡಿ ಅಂದಳು. ‘ಚಪ್ಲಿಯೊಳಗ ಬಾಂಬ್ ಇರ್ತೈತೇನು’ ಎಂದು ಅವಳ ಬಾಯಿ ಮುಚ್ಚಿಸಿದೆ.

ಗೇಟಿನ ಕಾವಲಿನವನು ಬಟ್ಟೆ ಕೊಡವಿ ನೋಡಿ ಚಪ್ಪಲಿ ಮಡಚಿದ. ಎಡಗಾಲಿನದು ಬಾಗಿತು, ಬಲಗಾಲಿನದು ಬಾಗಲಿಲ್ಲ. ಮೂಗಿಗೆ ಹಿಡಿದ. ಹಸಿ ಸಲೂಷನ್ ವಾಸನೆ ನನಗೂ ಬಡಿಯಿತು. ಬ್ಲೇಡಿನಿಂದ ಅಟ್ಟೆಯ ಅಂಚು ಸೀಳಿದರೆ, ಪ್ಲಾಸ್ಟಿಕ್ಕಿನಲ್ಲಿ ಒತ್ತಿದ ಗಾಂಜಾ, ಅದರಡಿ ಟ್ರಮಡಾಲ್ ಮಾತ್ರೆ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೂಸನ್ನು ಆಚೆ ಬಗಲಿಗೆ ಹಾಕಿಕೊಂಡು ನನ್ನಿಂದ ಸರಿದು ನಿಂತಳು. ‘ನಮ್ಮ ಮನೀವಲ್ರೀ’ ಅಂದೆ. ‘ತಂದ ಕೈ ಯಾರ್ದು?’ ಅಂದ ಅವನು.

ರಾತ್ರಿ ಠಾಣೆಯ ಬೆಂಚಿನ ಮೇಲೆ ವಕೀಲರು ತಿಳಿಸಿದರು: ಎನ್‌ಡಿಪಿಎಸ್ ಮಾದಕವಸ್ತು ಕಾಯ್ದೆಯ 35ನೇ ಕಲಂ ಪ್ರಕಾರ ‘ನನಗೆ ಗೊತ್ತಿರಲಿಲ್ಲ’ ಎಂಬುದನ್ನು ಆರೋಪಿಯೇ ರುಜುವಾತು ಮಾಡಬೇಕು. ಚಪ್ಪಲಿ ಕೊಟ್ಟ ಆ ಗೆಳೆಯ ಫೋನಿನಲ್ಲಿ ಬಾಯಿಬಿಟ್ಟದ್ದರಿಂದ ಬಚಾವಾದೆ. ಚಪ್ಪಲಿಯೊಂದೇ ಅಲ್ಲ, 2025ರಲ್ಲಿ ಶಿವಮೊಗ್ಗ ಜೈಲಿಗೆ ಬಾಳೆಗೊನೆಯ ದಿಂಡಿನೊಳಗೆ ಗಾಂಜಾ ಇಟ್ಟು ಕಳಿಸಿದ್ದರಂತೆ. ಕಮಲಾಪುರದ ಬಾಳೆ ತಿಂದು ಬೆಳೆದ ನನಗೆ ಅಂಥದ್ದು ಹೊಳೆಯುವುದೂ ಇಲ್ಲ.

ನನ್ನ ಸಿಟ್ಟೆಲ್ಲ ಅಣ್ಣನ ಮೇಲೆ. ಮಗ ಮಾತ್ರೆಗೆ ಬಿದ್ದದ್ದು ಅವನಿಗೆ ಮೊದಲೇ ಗೊತ್ತಿತ್ತು. ಜೈಲಿನ ಡಾಕ್ಟರಿಗೆ ಹೇಳೋಣವೆಂದರೆ ‘ಮರ್ಯಾದಿ ಹೋಗ್ತೈತಿ’ ಅಂದ. ಹುಡುಗ ಒಳಗೆ ನಡುಗಿ, ಬೆವತು, ಹೊರಗಿನ ಗೆಳೆಯರಿಗೆ ಹೇಳಿಕಳಿಸಿದ.

ಬೇಲಾಗಿ ಬಂದ ಮೂರನೇ ದಿನ ಹಳೇ ಲೆಕ್ಕದಲ್ಲೇ ಮಾತ್ರೆ ನುಂಗಿ, ಮೇಲೆ ಕುಡಿದ. ತಿಂಗಳುಗಟ್ಟಲೆ ಬಿಟ್ಟ ಮೈ ಆ ಲೆಕ್ಕ ತಡೆಯದು, ಉಸಿರೇ ನಿಧಾನವಾಗುತ್ತದೆ. ಗೊರಕೆ ಕೇಳಿ ‘ಮಲಗಲಿ ಬಿಡು’ ಅಂದ ಅಣ್ಣ. ತುಟಿ ನೀಲಿಯಾಗಿತ್ತು. ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಿದೆ. ಬದುಕಿದ್ದಾನೆ.

ನಿಮ್ಮವರು ಒಳಗಿದ್ದರೆ, ನೀವೇ ಅಂಗಡಿಯಲ್ಲಿ ಕೊಂಡದ್ದನ್ನಷ್ಟೇ ಒಯ್ಯಿರಿ. ಚಟವಿದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ. ಚಟ ಬಿಡಿಸುವ ಸಹಾಯವಾಣಿ 14446, ಕರೆಗೆ ದುಡ್ಡಿಲ್ಲ. ನಮ್ಮಣ್ಣ ಇನ್ನೂ ಮಾಡಿಲ್ಲ.